ವರ್ಷದ ಹೆಣಿಗೆ, ವರ್ಷದ ಓದು: ಹಿಂದಿರುಗಿ ನೋಡೋದು ಹೆಂಗೆ

ವರ್ಷ ಮುಗೀತಾ ಬಂದಾಗ ಮನೇಲಿ ಕೂತು ಏನೇನ್ ಹೆಣೆದೆ ಏನೇನ್ ಓದಿದೆ ಅಂತ ಒಂದ್ಸಲ ನೋಡ್ಕೋಬೇಕು ಅನ್ಸುತ್ತಲ್ವಾ, ಆದ್ರೆ ನಾವು ಮಾಡೋದೇನಂದ್ರೆ ಸ್ವೆಟರ್ ಇಷ್ಟು, ಪುಸ್ತಕ ಇಷ್ಟು ಅಂತ ಎರಡು ನಂಬರ್ ಬರ್ದಿಟ್ಟು ಸುಮ್ನಾಗೋದು. ನಾನೂ ಹಂಗೇ ಮಾಡ್ತಿದ್ದೆ. ಆ ನಂಬರ್ ಇಟ್ಕೊಂಡು ಮುಂದಿನ ವರ್ಷ ಏನ್ ಮಾಡ್ಬೇಕು ಅಂತ ಒಂಚೂರೂ ಗೊತ್ತಾಗಲ್ಲ. ಈ ಸಲ ಉಲ್ಟಾ ಮಾಡ್ದೆ, ಮುಗಿಸಿದ್ದನ್ನ ಪಕ್ಕಕ್ಕಿಟ್ಟು ಅರ್ಧಕ್ಕೆ ಬಿಟ್ಟಿದ್ದರಿಂದ ಶುರು ಮಾಡ್ದೆ. ನೀವೂ ಹಂಗೇ ಮಾಡಿ ನೋಡಿ, ಒಂದು ಮಧ್ಯಾಹ್ನ ಬೇಕು ಅಷ್ಟೆ.

ಮೊದ್ಲು ಎಲ್ಲಾನೂ ನೆಲದ ಮೇಲೆ ಹರಡಿ. ಎಲ್ಲಾನೂ ಅಂದ್ರೆ ಎಲ್ಲಾನೂ, ಸೋಫಾ ಪಕ್ಕದ ಚೀಲದಲ್ಲಿರೋದು, ಬೀರು ಮೂಲೇಲಿ ತುರುಕಿರೋದು, ಮಂಚದ ಕೆಳಗೆ ಹೋಗಿರೋ ಒಂಟಿ ಸಾಕ್ಸು. ಪುಸ್ತಕಾನೂ ಅಷ್ಟೇ, ಒಳಗೆ ಬುಕ್‌ಮಾರ್ಕ್ ಸಿಕ್ಕಾಕ್ಕೊಂಡಿರೋದೆಲ್ಲ ತಂದಿಡಿ. ಫೋಟೋ ನೋಡಿ ಲೆಕ್ಕ ಹಾಕೋಕೆ ಹೋಗ್ಬೇಡಿ, ಫೋಟೋ ತೆಗೆಯೋದು ಚೆನ್ನಾಗಿ ಬಂದಿದ್ದಕ್ಕೆ ಮಾತ್ರ ತಾನೇ.

ಈಗ ಅಡುಗೆಮನೆ ತಕ್ಕಡಿ ತಗೊಳ್ಳಿ, ಒಂದು ಗ್ರಾಮ್‌ವರೆಗೂ ತೋರ್ಸೋ ಡಿಜಿಟಲ್ ಆದ್ರೆ ಒಳ್ಳೇದು. ಎಷ್ಟು ಪೀಸ್ ಹೆಣೆದೆ ಅನ್ನೋದಕ್ಕಿಂತ ಎಷ್ಟು ಮೀಟರ್ ಹೆಣೆದೆ ಅನ್ನೋದೇ ಸರಿಯಾದ ಲೆಕ್ಕ, ಯಾಕಂದ್ರೆ ಒಂದು ಟೋಪಿಯೂ ಒಂದು ಪೀಸು, ಒಂದು ಶಾಲೂ ಒಂದು ಪೀಸು. ಲೇಬಲ್ ಮೇಲೆ 100 ಗ್ರಾಮಿಗೆ 220 ಮೀಟರ್ ಅಂತ ಇದ್ದು ಸ್ವೆಟರ್ 420 ಗ್ರಾಮ್ ತೂಗಿದ್ರೆ 924 ಮೀಟರ್, ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ನೂಲು ನಿಮ್ಮ ಬೆರಳ ಸಂದೀಲೇ ಓಡಿದೆ ಅಂತಾಯ್ತು! ಉಳಿದ ಉಂಡೆಗೂ ಇದೇ ಲೆಕ್ಕ, 50 ಗ್ರಾಮಿಗೆ 200 ಮೀಟರ್ ಇರೋ ಸಾಕ್ಸ್ ನೂಲಲ್ಲಿ 18 ಗ್ರಾಮ್ ಉಳಿದಿದ್ರೆ 72 ಮೀಟರ್ ಇದೆ. ತೂಗಿ ಒಂದು ಚೀಟಿ ಬರ್ದು ಉಂಡೆ ಒಳಗೇ ಸಿಗ್ಸಿಬಿಡಿ. ಒಂದು ಮಾತು, ಒಗೆದ ದಿನ ತೂಗಬೇಡಿ, ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರ್ಕೊಂಡ್ರೂ ಮುಟ್ಟಿದ್ರೆ ಒದ್ದೆ ಅನ್ಸಲ್ಲ, ಲೆಕ್ಕ ಎಲ್ಲಾ ತಪ್ಪೋಗುತ್ತೆ.

ಇನ್ನು ಅಸಲಿ ವಿಷ್ಯ, ಅರ್ಧಕ್ಕೆ ನಿಂತಿರೋವು. ಒಂದೊಂದನ್ನೇ ಕೈಗೆ ತಗೊಂಡು ಎಲ್ಲಿ ನಿಂತಿದೆ ಅಂತ ನೋಡಿ. ಎಷ್ಟಕ್ಕೆ ನಿಂತಿದೆ ಅನ್ನೋದು ಬೇಡ, ಯಾವ ಜಾಗದಲ್ಲಿ ನಿಂತಿದೆ ಅನ್ನೋದು ಬೇಕು. ನಂದು ನೋಡ್ದಾಗ ಎರಡು ಸ್ವೆಟರ್ ಎರಡೂ ತೋಳಿನ ಹತ್ರಾನೇ ನಿಂತಿತ್ತು, ಒಂದು ಸಾಕ್ಸು ಜೋಡಿ ಇಲ್ದೆ ಕೂತಿತ್ತು, ಅಂದ್ರೆ ಮಾಡಿದ್ದನ್ನೇ ಇನ್ನೊಂದ್ಸಲ ಮಾಡ್ಬೇಕು ಅಂದಾಗ ನಂಗೆ ಬೇಜಾರ್ ಬರುತ್ತೆ. ಇದು ಗೊತ್ತಾಗೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು ನೋಡಿ. ಇದಕ್ಕೆ ಪರಿಹಾರ ಇದೆ, ಸರ್ಕ್ಯುಲರ್ ಕಡ್ಡೀಲಿ, ಅಂದ್ರೆ ಎರಡು ಕಡ್ಡಿ ನಡುವೆ ಬಗ್ಗೋ ಉದ್ದ ಕೇಬಲ್ ಇರೋದ್ರಲ್ಲಿ, ಎರಡು ಉಂಡೆ ಹಾಕ್ಕೊಂಡು ಎರಡೂ ತೋಳು ಒಟ್ಟಿಗೇ ಹೆಣೆಯೋದು, ಸಾಕ್ಸೂ ಹಂಗೇ ಆಗುತ್ತೆ. ಮೊದಲೆರಡು ಇಂಚು ನೂಲು ಸಿಕ್ಕಾಗಿ ತಲೆ ಕೆಡುತ್ತೆ, ಆಮೇಲೆ ಸರಿಹೋಗುತ್ತೆ.

ಮೂರನೇ ಸ್ವೆಟರ್ ಮುಗಿದಿದೆ ಆದ್ರೆ ಹಾಕೋಕಾಗಲ್ಲ. ಪ್ಯಾಟರ್ನಲ್ಲಿ, ಅಂದ್ರೆ ಹೆಣೆಯೋ ವಿಧಾನ ಬರ್ದಿರೋ ಹಾಳೇಲಿ, 10 ಸೆಂ.ಮೀ.ಗೆ 22 ಸ್ಟಿಚ್ ಅಂತಿತ್ತು, ನಾನು ಅಳತೆ ನೋಡೋಕೆ ಮೊದ್ಲು ಹೆಣೆಯೋ ಪುಟ್ಟ ಸ್ಯಾಂಪಲ್ ಹೆಣೆಯೋಕೆ ಸೋಮಾರಿತನ ಮಾಡಿ ಸೀದಾ ಶುರು ಮಾಡ್ದೆ, ನನ್ ಕೈಯಲ್ಲಿ 20 ಬರ್ತಿತ್ತು. ಎರಡೇ ತಾನೇ ಅನ್ಸುತ್ತೆ. 220 ಸ್ಟಿಚ್ ಹಾಕಿದ್ರೆ ಸುತ್ತಳತೆ 100 ಸೆಂ.ಮೀ. ಬರ್ಬೇಕಿತ್ತು, ಬಂದಿದ್ದು 110. ಹತ್ತು ಸೆಂಟಿಮೀಟರ್ ಅಂದ್ರೆ ಒಂದು ಸೈಜ್ ಪೂರ್ತಿ ದೊಡ್ಡದಾಯ್ತು. ಅದಕ್ಕೆ ನಿಮ್ ಮುಗಿದ ಪೀಸ್‌ಗಳ ಮೇಲೂ ಸ್ಕೇಲ್ ಇಟ್ಟು 10 ಸೆಂ.ಮೀ.ಲಿ ಎಷ್ಟು ಸ್ಟಿಚ್ ಇದೆ ಅಂತ ಎಣಿಸಿ ಬರ್ಕೊಳ್ಳಿ, ಅಂಚು ಬಿಟ್ಟು ನಡುವೆ ಎಣಿಸಿ, ಒಗೆದು ಒಣಗಿಸಿ ಆದ್ಮೇಲೆ. ನಾಲ್ಕೈದು ಪೀಸ್ ಎಣಿಸಿದ್ರೆ ನಿಮ್ ಕೈ ಬಿಗೀನೋ ಸಡಿಲಾನೋ ಗೊತ್ತಾಗೋಗುತ್ತೆ. ಪ್ರತಿ ಸಲಾನೂ ಸಡಿಲ ಬರ್ತಿದ್ರೆ ಮುಂದಿನ ಸಲ ಕಾಲು ಮಿಲಿಮೀಟರೋ ಅರ್ಧ ಮಿಲಿಮೀಟರೋ ಸಣ್ಣ ಕಡ್ಡಿ ತಗೊಂಡು ಶುರು ಮಾಡಿ, ಸ್ಯಾಂಪಲ್ ಮಾತ್ರ ಆಗ್ಲೂ ಬಿಡೋ ಹಂಗಿಲ್ಲ.

ಬಿಚ್ಚೋದೋ ಮುಂದುವರ್ಸೋದೋ ಅನ್ನೋಕೆ ನಾನು ಕೇಳ್ಕೊಳ್ಳೋದು ಒಂದೇ, ಇದು ಈಗ ಮುಗಿದು ಕೈಲಿದ್ರೆ ನಾಳೆ ಹಾಕ್ಕೋತೀನಾ? ಇಲ್ಲ ಅಂದ್ರೆ ಬಿಚ್ಚಿ. ಬಿಚ್ಚಿದ ನೂಲು ನೂಡಲ್ಸ್ ಥರ ಗುಂಗುರಾಗಿರುತ್ತೆ, ಹಂಗೇ ಹೆಣೆದ್ರೆ ಸ್ಟಿಚ್ ಎಲ್ಲಾ ಸೊಟ್ಟ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಉಜ್ಜಬೇಡಿ, ಹಿಂಡದೆ ಟವೆಲಲ್ಲಿ ಒತ್ತಿ ನೇತುಹಾಕಿ. ಒಣಗೋಷ್ಟ್ರಲ್ಲಿ ನೆಟ್ಟಗಾಗಿರುತ್ತೆ. ಕೂದಲು ಕೂದಲಾಗಿರೋ ಮೊಹೇರ್ (ಒಂದು ಜಾತಿ ಮೇಕೆ ಕೂದಲಿನ ನೂಲು) ಆದ್ರೆ ಮಾತ್ರ ಒಂದಕ್ಕೊಂದು ಹಿಡ್ಕೊಂಡು ಬಿಚ್ಚೋಕೇ ಬಿಡಲ್ಲ, ನಿಧಾನಕ್ಕೆ ಮಾಡ್ಬೇಕು, ಸಿಟ್ಟು ಬಂದಾಗ ಮುಟ್ಟಲೇಬೇಡಿ. ಮುಂದುವರ್ಸೋದಾದ್ರೆ ನಾಲ್ಕು ಸಾಲು ಹೆಣೆದು ಹಳೇ ಭಾಗಕ್ಕೂ ಹೊಸದಕ್ಕೂ ಹೋಲ್ಸಿ ನೋಡಿ, ಆರು ತಿಂಗಳ ಹಿಂದಿನ ಕೈಯೇ ಬೇರೆ ಈಗಿನ ಕೈಯೇ ಬೇರೆ.

ಉಣ್ಣೇಲಿ ತೂತು ಕಂಡ್ರೆ ನುಸಿ ಹುಳ ಬಿದ್ದಿರ್ಬೋದು, ಹಾರೋ ಚಿಟ್ಟೆ ತಿನ್ನಲ್ಲ ಅದರ ಮರಿಹುಳ ತಿನ್ನೋದು. ಕವರಲ್ಲಿ ಗಾಳಿಯಾಡದ ಹಂಗೆ ಕಟ್ಟಿ −18 ಡಿಗ್ರಿ ಫ್ರೀಜರಲ್ಲಿ ಎರಡು ವಾರ ಇಡಿ.

ಈಗ ಪುಸ್ತಕ. ದಿನಕ್ಕೆ 20 ಪುಟ ಅಂದ್ರೂ ವರ್ಷಕ್ಕೆ 7300 ಪುಟ, 300 ಪುಟದ ಪುಸ್ತಕ 24 ಆಗುತ್ತೆ, ಲೆಕ್ಕ ಕೇಳೋಕೆ ಚೆಂದ. ನಂದು ಅದರ ಅರ್ಧಾನೂ ಆಗ್ಲಿಲ್ಲ, ಇರ್ಲಿ. ಅದಕ್ಕಿಂತ ಬುಕ್‌ಮಾರ್ಕ್ ಯಾವ ಪುಟದಲ್ಲಿದೆ ನೋಡಿ. ಮೂವತ್ತನೇ ಪುಟದಲ್ಲೇ ಬಿಟ್ಟಿದ್ರೆ ಆ ಪುಸ್ತಕ ನಿಮಗಲ್ಲ, ಯಾರಿಗಾದ್ರೂ ಕೊಟ್ಬಿಡಿ. ಇನ್ನೂರು ಪುಟ ಓದಿ ಬಿಟ್ಟಿದ್ರೆ ಪುಸ್ತಕದ ತಪ್ಪಲ್ಲ, ಆ ವಾರ ಇನ್ನೇನೋ ನಡೆದಿತ್ತು. ಅದನ್ನ ಹತ್ತು ಪುಟ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿ.

ಎರಡೂ ಲೆಕ್ಕ ಅಕ್ಕಪಕ್ಕ ಇಟ್ಟಾಗ ನಂಗೆ ಕಂಡಿದ್ದು ಇನ್ನೊಂದು. ತಲೆ ಉಪಯೋಗಿಸ್ಬೇಕಾದ ಹೆಣಿಗೆ, ಅಂದ್ರೆ ಲೇಸು (ತೂತು ತೂತಿನ ಡಿಸೈನು), ಕೇಬಲ್ಲು (ಜಡೆ ಥರದ ಡಿಸೈನು), ಚಾರ್ಟು (ಚೌಕದ ನಕ್ಷೆ ನೋಡಿ ಹೆಣೆಯೋದು), ಕೈಲಿದ್ದ ತಿಂಗಳು ಓದು ಪೂರಾ ಬಿದ್ದೋಗಿದೆ, ಸುತ್ತಾ ಬರೀ ಸೀದಾ ಸ್ಟಿಚ್ ಹೆಣೀತಿದ್ದ ತಿಂಗಳು ಎರಡೂ ಓಡಿದೆ. ಸುತ್ತು ಹೆಣಿಗೇಲಿ ಉಲ್ಟಾ ಸಾಲು ಬರಲ್ಲ, ಬೆರಳಿಗೇ ಗೊತ್ತಾಗುತ್ತೆ, ಕಣ್ಣು ಪುಸ್ತಕದ ಮೇಲಿರ್ಬೋದು. ಪುಸ್ತಕ ಮಡಚ್ಕೋತಾ ಇದ್ರೆ ಸ್ಟ್ಯಾಂಡ್ ಇಡಿ, ಇ-ರೀಡರ್ ಆದ್ರೆ ಅಕ್ಷರ ದೊಡ್ಡದು ಮಾಡಿ ತೊಡೆ ಮೇಲೆ ಇಟ್ಕೊಳ್ಳಿ. ಲೇಸಿಗೆ ಆಡಿಯೋಬುಕ್ ಹಾಕಿ ನೋಡ್ದೆ, ಕಥೆ ಬಿಸಿಯಾದ ಕೂಡ್ಲೇ ಎಣಿಕೆ ತಪ್ಪುತ್ತೆ. ಓದಿ ಮುಗಿಸಿರೋ ಕಥೇನೇ ಮತ್ತೆ ಕೇಳಿದ್ರೆ ಪರವಾಗಿಲ್ಲ. ಹಾಗಾಗಿ ಯಾವಾಗ್ಲೂ ಕಡ್ಡೀಲಿ ಎರಡು ಕೆಲ್ಸ ಇಟ್ಕೊಳ್ಳಿ, ಒಂದು ಓದ್ತಾ ಹೆಣೆಯೋಕೆ, ಒಂದು ಬರೀ ಹೆಣೆಯೋಕೆ. ಮೂರನೇದು ಶುರು ಮಾಡೋ ಆಸೆ ಬಂದೇ ಬರುತ್ತೆ, ಬಂದಾಗ ನೆಲದ ಮೇಲೆ ಹರಡಿದ್ದನ್ನ ನೆನಪು ಮಾಡ್ಕೊಳ್ಳಿ.

ಎಲ್ಲಾ ವಾಪಸ್ ಎತ್ತಿಡೋಕೆ ಮುಂಚೆ ಪ್ರತಿ ಅರ್ಧದ ಕೆಲ್ಸಕ್ಕೂ ಒಂದು ಚೀಟಿ ಕಟ್ಟಿ: ಕಡ್ಡಿ ಎಷ್ಟು ಮಿ.ಮೀ., ಯಾವ ಸಾಲಲ್ಲಿದ್ದೀನಿ, ಯಾಕೆ ನಿಲ್ಲಿಸ್ದೆ. ಆ ಕಡ್ಡಿ ಬೇರೆದಕ್ಕೆ ಬೇಕು ಅಂತ ಎಳ್ಕೊಂಡಾಗ ಸ್ಟಿಚ್‌ಗಳನ್ನ ಬೇರೆ ಬಣ್ಣದ ದಾರಕ್ಕೆ ಪೋಣಿಸಿಡಿ. ನಾನು ದಾರಕ್ಕೇನೋ ಪೋಣಿಸಿದ್ದೆ, ಚೀಟಿ ಬರೀಲಿಲ್ಲ, ಆ ನೀಲಿ ಟೋಪಿ 3.5ರಲ್ಲಿ ಹೆಣೆದಿದ್ದಾ 4ರಲ್ಲಾ ಅಂತ ಇನ್ನೂ ಗೊತ್ತಾಗಿಲ್ಲ.