ಹಿಮಾಲಯನ್ ಬೈಕಿನ ಹಿಂಭಾಗಕ್ಕೆ ಗಾರ್ಡ್: ನಾನು ಮಾಡಿಕೊಂಡ ರೀತಿ

ಬೈಕಿಗೆ ಗಾರ್ಡ್ ಎಂದರೆ ಎಲ್ಲರ ಕಣ್ಣು ಹೋಗುವುದು ಎಂಜಿನ್ ಕಡೆಗೆ. ಮುಂದೆ ಲೆಗ್ ಗಾರ್ಡ್, ಕೆಳಗೆ ಬ್ಯಾಶ್ ಪ್ಲೇಟ್, ಕೈಗಳಿಗೆ ಹ್ಯಾಂಡ್ ಗಾರ್ಡ್. ಅಷ್ಟಾದರೆ ಕೆಲಸ ಮುಗಿಯಿತು ಎನ್ನುತ್ತಾರೆ. ನನಗೆ ಹಿಂಭಾಗದ ಚಿಂತೆಯೇ ಹೆಚ್ಚು. ಸೀಟಿನ ಕೆಳಗಿನ ಸಬ್‌ಫ್ರೇಮ್ ತೆಳು ಕೊಳವೆಗಳದ್ದು. ಸಾಮಾನು, ಹಿಂದೆ ಕೂತವರು, ಕ್ಯಾರಿಯರ್ ಎಲ್ಲದರ ಭಾರ ಹೊರುವುದು ಅದೇ. ಇಂಡಿಕೇಟರ್ ಮುರಿದರೆ ಹೊಸದು ಹಾಕಬಹುದು, ಸಬ್‌ಫ್ರೇಮ್ ಸೊಟ್ಟಗಾದರೆ ಕಥೆಯೇ ಬೇರೆ. 2017ರ ನಂತರದ ಕೆಟಿಎಂ 390 ಡ್ಯೂಕ್‌ನಲ್ಲಿ ಅದನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು. ಮುಖ್ಯ ಫ್ರೇಮಿಗೇ ಬೆಸೆದಿರುವ ಬೈಕುಗಳಲ್ಲಿ ಹಾಗಲ್ಲ, ಇಡೀ ಫ್ರೇಮಿನ ಮಾತು ಬರುತ್ತದೆ. ಚಾಸಿ ನಂಬರ್ ಇರುವುದು ಅದರ ಮೇಲೆಯೇ ಆದ್ದರಿಂದ ಆರ್‌ಟಿಓ ಕಚೇರಿಗೂ ಅಲೆಯಬೇಕಾಗುತ್ತದೆ.

ನನ್ನದು ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ 411, ಬಿಎಸ್6 ಎಂಬ ಹೊಗೆ ನಿಯಂತ್ರಣ ಮಾನದಂಡಕ್ಕೆ ಹೊಂದುವ ಮಾದರಿ. ತೂಕ 199 ಕೆ.ಜಿ. ಮಳೆಗಾಲದಲ್ಲಿ ಮಲೆನಾಡಿನ ಎಸ್ಟೇಟ್ ದಾರಿಗಳಲ್ಲಿ ಓಡಿಸುವವನಿಗೆ ಬೀಳುವುದು ಅಪರೂಪವೇನಲ್ಲ. ಕೆಂಪು ಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿದರೆ ಹೆಚ್ಚಿನ ಸಲ ಮೊದಲು ನೆಲ ಮುಟ್ಟುವುದು ಹಿಂಭಾಗವೇ.

ಪೈಪು ಕೊಳ್ಳುವ ಮೊದಲು, ಬಿದ್ದ ಬೈಕ್ ಎಲ್ಲೆಲ್ಲಿ ನೆಲಕ್ಕೆ ತಾಗುತ್ತದೆ ಎಂದು ನೋಡಿಕೊಂಡೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇದ್ದಾಗ ನೆಲಕ್ಕೆ ಗೋಣಿಚೀಲ ಹಾಸಿ, ಅದರ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಗೆಳೆಯನ ಜೊತೆ ಬೈಕನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಮಲಗಿಸಿದೆವು. ಪುಡಿ ಅಂಟಿದ ಜಾಗಗಳೇ ನಕ್ಷೆ. ಹ್ಯಾಂಡಲ್ ತುದಿ, ಎಂಜಿನ್ ಗಾರ್ಡ್, ಹಿಂದೆ ಬಲಕ್ಕೆ ಸೈಲೆನ್ಸರ್, ಎಡಕ್ಕೆ ಕ್ಯಾರಿಯರ್ ಮೂಲೆ. ಸೈಲೆನ್ಸರ್ ತಿಂದ ಪೆಟ್ಟು ಅದರ ಬ್ರಾಕೆಟ್ ಮೂಲಕ, ಕ್ಯಾರಿಯರ್ ತಿಂದ ಪೆಟ್ಟು ಅದರ ಬೋಲ್ಟ್ ಮೂಲಕ ನೇರ ಫ್ರೇಮಿಗೆ ಹೋಗುತ್ತದೆ. ನಾನು ತಡೆಯಬೇಕಾಗಿದ್ದುದು ಇದನ್ನೇ.

ವೆಲ್ಡಿಂಗ್ ಅಂಗಡಿಯ ಮೇಸ್ತ್ರಿ ನೀರಿನ ಪೈಪಿನಷ್ಟು ದಪ್ಪದ ತುಂಡೊಂದನ್ನು ಎತ್ತಿ ತೋರಿಸಿದರು. "ಇದನ್ನು ಹಾಕೋಣ ಸರ್, ಲಾರಿ ಗುದ್ದಿದರೂ ಬಗ್ಗುವುದಿಲ್ಲ" ಎಂದರು. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಇದಕ್ಕೆ ನಾನು ಒಪ್ಪಲಿಲ್ಲ. ಗಾರ್ಡ್ ಬಗ್ಗದಿದ್ದರೆ ಅದರ ಹಿಂದಿರುವುದು ಬಗ್ಗುತ್ತದೆ. ಪೆಟ್ಟಿನ ಶಕ್ತಿ ಎಲ್ಲಾದರೂ ಕರಗಲೇಬೇಕು, ಅದು ನೂರಿನ್ನೂರು ರೂಪಾಯಿಯ ಪೈಪಿನಲ್ಲಿ ಕರಗಲಿ ಎಂಬುದು ನನ್ನ ಹಟ. ಕೊನೆಗೆ 22 ಮಿ.ಮೀ. ಹೊರವ್ಯಾಸ, 2 ಮಿ.ಮೀ. ಗೋಡೆಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸುಲಭವಾಗಿ ಬಾಗುವ ಮೆದು ಉಕ್ಕು) ಪೈಪ್ ತೆಗೆದುಕೊಂಡೆವು. ಮೀಟರಿಗೆ ಸುಮಾರು ಒಂದು ಕೆ.ಜಿ. ತೂಗುತ್ತದೆ. ಹಿಂದಿನ ಆಕ್ಸಲ್‌ನಿಂದ ಆಚೆಗೆ ಹೋಗುವ ಪ್ರತಿ ಕೆ.ಜಿ. ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ, ಹಾಗಾಗಿ ಉದ್ದವನ್ನೂ ಮಿತಿಯಲ್ಲಿಟ್ಟೆ.

ಆಕಾರ ಸರಳ. ಎರಡೂ ಬದಿಗೆ ಒಂದೊಂದು ಬಾಗಿದ ಪೈಪು. ಕೆಳಗಿನ ತುದಿ ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್ಟಿಗೆ, ಮೇಲಿನ ತುದಿ ಕ್ಯಾರಿಯರ್ ಬೋಲ್ಟಿಗೆ. ನಂಬರ್ ಪ್ಲೇಟಿನ ಹಿಂದೆ ಎಡಬಲಗಳನ್ನು ಜೋಡಿಸುವ ಅಡ್ಡಪಟ್ಟಿ ಇದೆ, ಇಡೀ ಕೆಲಸದ ಜೀವ ಇರುವುದೇ ಅದರಲ್ಲಿ. ಅದಿಲ್ಲದಿದ್ದರೆ ಬಿದ್ದ ಬದಿಯ ಬೋಲ್ಟುಗಳೇ ಎಲ್ಲ ಪೆಟ್ಟನ್ನೂ ತಿನ್ನುತ್ತವೆ, ಇದ್ದರೆ ಒಂದು ಪಾಲು ಹೊರೆ ಆಚೆ ಬದಿಗೆ ಹಂಚಿಹೋಗುತ್ತದೆ. ಬಾಗಿಸುವಾಗ ಪೈಪಿನೊಳಗೆ ಒಣ ಮರಳು ತುಂಬಿಸಿ ತುದಿ ಮುಚ್ಚಿದೆವು, ಇಲ್ಲದಿದ್ದರೆ ತಿರುವಿನಲ್ಲಿ ಪೈಪು ಚಪ್ಪಟೆಯಾಗುತ್ತದೆ. ಬೋಲ್ಟುಗಳು ತಲೆಯ ಮೇಲೆ 8.8 ಎಂದು ಬಲದ ಗ್ರೇಡ್ ಅಚ್ಚೊತ್ತಿದ 8 ಮಿ.ಮೀ.ನವು, ಜೊತೆಗೆ ನಡುಕಕ್ಕೆ ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್. ಗ್ರೇಡ್ ಗುರುತಿಲ್ಲದ ಬೋಲ್ಟನ್ನು ಇಂಥ ಜಾಗಕ್ಕೆ ಯಾರೂ ಹಾಕಬಾರದು.

ನೆಲ ತಾಗುವ ಜಾಗಕ್ಕೆ ನೈಲಾನ್ ಗುಂಡುಗಳು. ಪೀಣ್ಯದ ಲೇತ್ ಅಂಗಡಿಯೊಂದರಲ್ಲಿ 40 ಮಿ.ಮೀ. ನೈಲಾನ್ ರಾಡನ್ನು ಕತ್ತರಿಸಿ, ಬೋಲ್ಟಿನ ತಲೆ ಒಳಗೆ ಆಳದಲ್ಲಿ ಕೂರುವಂತೆ ಗುಳಿ ಕೊರೆಸಿದೆ. ತಲೆ ಹೊರಗಿದ್ದರೆ ಕಬ್ಬಿಣವೇ ರಸ್ತೆಗೆ ಉಜ್ಜುತ್ತದೆ, ಕಲ್ಲಿಗೆ ಸಿಕ್ಕಿಕೊಂಡು ಬೈಕನ್ನು ಮಗುಚಿಬಿಡಲೂಬಹುದು. ನೈಲಾನ್ ಜಾರುತ್ತದೆ, ಸವೆಯುತ್ತದೆ, ಸವೆದಾಗ ಬದಲಿಸಿದರಾಯಿತು. ಗುಂಡನ್ನು ಬಹಳ ಹೊರಚಾಚಿಸಬಾರದು. ಉದ್ದವಾದಷ್ಟೂ ಅದು ಮೀಟುಗೋಲಾಗಿ ಬೋಲ್ಟನ್ನೇ ಬಗ್ಗಿಸುತ್ತದೆ.

ಬೈಕಿನ ಮೇಲೆ ಒಂದು ಚುಕ್ಕೆಯನ್ನೂ ವೆಲ್ಡ್ ಮಾಡಲು ನಾನು ಬಿಡಲಿಲ್ಲ. ವೆಲ್ಡಿಂಗ್ ಕರೆಂಟು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇವುಗಳನ್ನು ಸುಡಬಹುದು, ಬಿಸಿ ತಾಗಿದ ಕಡೆ ಫ್ರೇಮಿನ ಲೋಹ ಬಲ ಕಳೆದುಕೊಳ್ಳಬಹುದು. ದಪ್ಪ ತಂತಿಯಿಂದ ಅಚ್ಚು ಬಾಗಿಸಿ, ಬೋಲ್ಟ್ ತೂತುಗಳ ಜಾಗವನ್ನು ರಟ್ಟಿನ ಮೇಲೆ ಗುರುತಿಸಿ, ಹಲಗೆಗೆ ಮೊಳೆ ಹೊಡೆದು ಅದೇ ಅಳತೆಯ ಚೌಕಟ್ಟು ಮಾಡಿಕೊಂಡೆವು. ಬೆಸುಗೆಯೆಲ್ಲ ಆದದ್ದು ಅದರ ಮೇಲೆ. ಸಮಯ ಹಿಡಿಯುತ್ತದೆ, ಆದರೆ ಇಲ್ಲಿ ಅವಸರ ಸಲ್ಲದು. ಪೈಪಿನ ತುದಿಗಳನ್ನೆಲ್ಲ ಮುಚ್ಚಿಸಿ, ಕೆಳಭಾಗದಲ್ಲಿ ನೀರು ಇಳಿಯಲು ಸಣ್ಣ ತೂತು ಬಿಟ್ಟು, ಪೌಡರ್ ಕೋಟಿಂಗ್ ಮಾಡಿಸಿದೆ.

ಹಿಮಾಲಯನ್‌ನ ಹಿಂದಿನ ಚಕ್ರ 180 ಮಿ.ಮೀ. ಮೇಲಕ್ಕೇರುತ್ತದೆ. ಗಾರ್ಡ್ ಇರುವುದು ಫ್ರೇಮಿನ ಮೇಲೆ, ಟೈರು ಅದರತ್ತ ಏರುತ್ತದೆ. ನಿಂತ ಬೈಕಿನಲ್ಲಿ ಬೇಕಾದಷ್ಟು ಜಾಗ ಕಂಡರೂ ನಂಬುವಂತಿಲ್ಲ. ಬೈಕನ್ನು ಭದ್ರವಾಗಿ ಎತ್ತಿ ನಿಲ್ಲಿಸಿ, ಶಾಕ್ ಅಬ್ಸಾರ್ಬರ್ ಬಿಚ್ಚಿ, ಚಕ್ರವನ್ನು ಅದರ ಪೂರ್ತಿ ಓಟದಷ್ಟು ಕೈಯಲ್ಲೇ ಎತ್ತಿ ನೋಡಿದೆ. ಅಡ್ಡಪಟ್ಟಿಗೂ ಟೈರಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಉಳಿದಿತ್ತು. ಸೈಲೆನ್ಸರಿಗೂ ಪೈಪಿಗೂ ನಡುವೆ ಬೆರಳಗಲ ಬಿಟ್ಟಿದ್ದೇನೆ. ಎಂಜಿನ್ ನಡುಕಕ್ಕೆ ಅವೆರಡು ತಾಗಿದರೆ ಸದ್ದೂ ಬರುತ್ತದೆ, ಉಜ್ಜಿ ಸವೆಯುತ್ತದೆ ಕೂಡ.

ಅಗಲ ಯಾವ ಕಾರಣಕ್ಕೂ ಹ್ಯಾಂಡಲ್‌ಗಿಂತ ಹೆಚ್ಚಬಾರದು. ಹ್ಯಾಂಡಲ್ ನುಸುಳಿದ ಸಂದಿಯಲ್ಲಿ ಹಿಂಭಾಗವೂ ನುಸುಳುತ್ತದೆ ಎಂದೇ ಸವಾರನ ಲೆಕ್ಕ. ಪಕ್ಕದಲ್ಲಿ ನಡೆಯುವವರ ಚೀಲ, ಸೆರಗು ಸಿಕ್ಕಿಕೊಳ್ಳುವ ಕೊಕ್ಕೆಯಂಥ ಮೂಲೆ ಎಲ್ಲೂ ಇರಕೂಡದು. ಸೀರೆ ಗಾರ್ಡನ್ನು ಜಾಗಕ್ಕಾಗಿ ಕಿತ್ತೆಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ ಇರಲೇಬೇಕು, ಹಿಂದೆ ಕೂತವರಿಗೆ ಹಿಡಿಯೂ ಫುಟ್‌ರೆಸ್ಟೂ ಬೇಕು. ನನ್ನ ಎಡಪೈಪು ಸೀರೆ ಗಾರ್ಡಿನ ಹೊರಗಿನಿಂದ ಹಾದುಹೋಗುತ್ತದೆ. ನಂಬರ್ ಪ್ಲೇಟ್, ಟೇಲ್ ಲ್ಯಾಂಪ್, ಇಂಡಿಕೇಟರ್ ಯಾವುದೂ ಮರೆಯಾಗಿಲ್ಲ.

ಪರೀಕ್ಷೆ ಮುಂದಿನ ಮಳೆಗಾಲದಲ್ಲಿ ತಾನಾಗಿಯೇ ಬಂತು. ಸಕಲೇಶಪುರದ ಕಡೆ ಇಳಿಜಾರಿನಲ್ಲಿ ಬೈಕ್ ಎಡಕ್ಕೆ ಬಿದ್ದು ಸ್ವಲ್ಪ ದೂರ ಜಾರಿತು. ಮನೆಗೆ ಬಂದು ನೋಡಿದರೆ ನೈಲಾನ್ ಗುಂಡು ಓರೆಯಾಗಿ ಸವೆದಿತ್ತು, ಎಡಪೈಪು ಕ್ಯಾರಿಯರ್ ಬೋಲ್ಟಿನ ಹತ್ತಿರ ತುಸು ಒಳಕ್ಕೆ ಬಾಗಿತ್ತು. ಎರಡೂ ಚಕ್ರಗಳ ಪಕ್ಕಕ್ಕೆ ದಾರ ಎಳೆದು ಸಾಲು ನೋಡಿದೆ, ಸೀಟು ತೆಗೆದು ಸಬ್‌ಫ್ರೇಮಿನ ಎಡಬಲಗಳನ್ನು ಕರ್ಣದಲ್ಲಿ ಅಳೆದೆ. ಹಳೆಯ ಅಳತೆಗಳನ್ನು ಬರೆದಿಟ್ಟುಕೊಂಡಿದ್ದೆ, ವ್ಯತ್ಯಾಸ ಇರಲಿಲ್ಲ. ಬಾಗಿದ ಪೈಪನ್ನು ನೆಟ್ಟಗೆ ಮಾಡಿಸಲು ಹೋಗಲಿಲ್ಲ, ಒಮ್ಮೆ ಮಡಿದ ಕಬ್ಬಿಣ ಮುಂದಿನ ಸಲ ಅಲ್ಲೇ ಸೋಲುತ್ತದೆ. ಹಲಗೆಯ ಚೌಕಟ್ಟು ಮೇಸ್ತ್ರಿಯ ಅಂಗಡಿಯಲ್ಲೇ ಇತ್ತು. ಅದರ ಮೇಲೆ ಎಡಬದಿಗೆ ಮಾತ್ರ ಹೊಸ ಪೈಪು ಬಾಗಿಸಿಕೊಟ್ಟರು. ಬೋಲ್ಟುಗಳನ್ನೂ ಹೊಸದಾಗಿ ಹಾಕಿದೆ.