ಸಾವಿರಾರು ಹಾವು ಬಿಸಿಲಿಗೆ ಬರುವ ಹೊತ್ತು: ನಾರ್ಸಿಸ್‌ಗೆ ಹೋಗಿಬರುವುದು ಹೇಗೆ?

ಮೊದಲು ಗೊತ್ತಾಗುವುದು ಸದ್ದು. ತರಗೆಲೆ ಮೇಲೆ ಸಣ್ಣ ಮಳೆ ಹನಿಯುತ್ತಿದೆಯೇನೋ ಅನ್ನಿಸುತ್ತದೆ. ತಲೆ ಎತ್ತಿದರೆ ಮೋಡವೇ ಇಲ್ಲ. ತಲೆ ತಗ್ಗಿಸಿದರೆ ನೆಲವೇ ಹರಿದಾಡುತ್ತಿದೆ. ಕಪ್ಪು ಮೈ, ಬೆನ್ನುದ್ದಕ್ಕೂ ಹಳದಿ ಗೆರೆ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣದ ಚುಕ್ಕೆ. ಹತ್ತಲ್ಲ, ನೂರಲ್ಲ, ಸಾವಿರಾರು ಹಾವು.

ಇದು ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್. ವಿನ್ನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು 130 ಕಿ.ಮೀ. ದೂರ. ಎರಡು ದೊಡ್ಡ ಸರೋವರಗಳ ನಡುವೆ ಇರುವ ಈ ಸೀಮೆಗೆ ಇಂಟರ್‌ಲೇಕ್ ಎಂದು ಹೆಸರು. ಕೆಂಪು ಪಕ್ಕೆಯ ಗಾರ್ಟರ್ ಹಾವುಗಳು ಚಳಿಗಾಲ ಕಳೆಯಲು ಇಲ್ಲಿ ನೆಲದಡಿ ಸೇರುತ್ತವೆ. ಹಿಮ ಕರಗುತ್ತಿದ್ದಂತೆ ಒಟ್ಟಿಗೆ ಮೇಲೆ ಬರುತ್ತವೆ. ಹಾವುಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗ ಜಗತ್ತಿನಲ್ಲಿ ಇನ್ನೊಂದಿಲ್ಲ ಎನ್ನುತ್ತಾರೆ.

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬರುವುದು ಹೆಚ್ಚಾಗಿ ಏಪ್ರಿಲ್, ಮೇನಲ್ಲಿ, ಅಲ್ವಾ? ಅದೇ ಸಮಯಕ್ಕೆ ನಾರ್ಸಿಸ್ ತೆರೆದುಕೊಳ್ಳುತ್ತದೆ. ನಯಾಗರಕ್ಕೆ ಎಲ್ಲರೂ ಕರೆದುಕೊಂಡು ಹೋಗುತ್ತಾರೆ. ಇಲ್ಲಿಗೂ ಒಮ್ಮೆ ಕರೆದುಕೊಂಡು ಬನ್ನಿ.

ದಿನ ಗೊತ್ತು ಮಾಡುವುದು

ಕ್ಯಾಲೆಂಡರ್ ನೋಡಿ ಹೊರಟರೆ ಆಗುವುದಿಲ್ಲ. ಆಕಾಶ ನೋಡಬೇಕು. ನಾನು ಮೊದಲ ಸಲ ಹೋಗಿದ್ದು ಏಪ್ರಿಲ್ ಕೊನೆಯ ಒಂದು ಶನಿವಾರ, ರಜೆ ಇದೆ ಎಂಬ ಒಂದೇ ಕಾರಣಕ್ಕೆ. ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು. ಎರಡು ಗಂಟೆ ಗಾಡಿ ಓಡಿಸಿ ನೋಡಿದ್ದು ಬರೀ ಕಲ್ಲು.

ಹಾವಿಗೆ ತನ್ನ ಮೈ ತಾನೇ ಬೆಚ್ಚಗೆ ಮಾಡಿಕೊಳ್ಳಲು ಆಗುವುದಿಲ್ಲ. ಬಿಸಿಲು ಬಿದ್ದರೆ ಹೊರಗೆ, ಇಲ್ಲದಿದ್ದರೆ ಒಳಗೆ. ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರದ ತನಕ ಈ ಹಬ್ಬ ನಡೆಯುತ್ತದೆ. ಹಿಮ ತಡವಾಗಿ ಕರಗಿದ ವರ್ಷ ಅದೂ ಮುಂದೆ ಹೋಗುತ್ತದೆ. ಸತತ ಎರಡು ಮೂರು ದಿನ ಬಿಸಿಲು ಬಿದ್ದು, ತಾಪಮಾನ 20 ಡಿಗ್ರಿ ಆಸುಪಾಸು ಬಂದ ದಿನ ಹೊರಡಿ. ಬೆಳಗ್ಗೆ ಬೇಗ ಹೋಗಿ ಕಾಯುವುದು ಸುಮ್ನೆ ದಂಡ. 11 ಗಂಟೆಯಿಂದ ಮಧ್ಯಾಹ್ನ 4ರ ತನಕ ಒಳ್ಳೆಯ ಹೊತ್ತು.

ಕೆನಡಾದಲ್ಲಿ ಮೇ ಎರಡನೇ ಭಾನುವಾರ ಅಮ್ಮಂದಿರ ದಿನ. ಆ ವಾರಾಂತ್ಯ ಹಾವುಗಳೂ ಜಾಸ್ತಿ, ಜನರೂ ಜಾಸ್ತಿ. ರಜೆ ಹಾಕಲು ಆಗುವುದಾದರೆ ಅದರ ಹಿಂದೆ ಮುಂದೆ, ಸೋಮವಾರದಿಂದ ಶುಕ್ರವಾರದ ಒಳಗಿನ ಒಂದು ದಿನ ಆರಿಸಿಕೊಳ್ಳಿ.

ದಾರಿ ಮತ್ತು ಚೀಲ

ವಿನ್ನಿಪೆಗ್‌ನಿಂದ 7ನೇ ಹೆದ್ದಾರಿ ಹಿಡಿದು ಟ್ಯೂಲನ್ ಊರಿಗೆ, ಅಲ್ಲಿಂದ 17ನೇ ಹೆದ್ದಾರಿಗೆ ತಿರುಗಿ ಇನ್‌ವುಡ್ ದಾಟಿದರೆ ನಾರ್ಸಿಸ್. ಊರು ಬಂದಾಗ ನಿಲ್ಲಬೇಡಿ. ಹಾವುಗಳು ಮೇಲೆ ಬರುವ ಗುಳಿಗಳಿರುವುದು ಅಲ್ಲಿಂದ ಇನ್ನೂ 6 ಕಿ.ಮೀ. ಉತ್ತರಕ್ಕೆ, ಅದೇ ರಸ್ತೆ ಬದಿಯಲ್ಲಿ. ಸ್ವಂತ ಕಾರು ಅಥವಾ ಬಾಡಿಗೆ ಕಾರು ಬೇಕೇ ಬೇಕು. ಪೆಟ್ರೋಲನ್ನು ಟ್ಯೂಲನ್‌ನಲ್ಲೇ ತುಂಬಿಸಿಕೊಳ್ಳಿ. ಇನ್‌ವುಡ್‌ನಲ್ಲಿ ಸ್ಯಾಮ್ ಮತ್ತು ಸಾರಾ ಎಂಬ ಎರಡು ಗಾರ್ಟರ್ ಹಾವುಗಳ ದೊಡ್ಡ ಪ್ರತಿಮೆ ಇದೆ. ಹಾವು ಎಂದರೆ ಹೆದರುವ ಮಕ್ಕಳಿದ್ದರೆ ಅಲ್ಲಿ ಹತ್ತು ನಿಮಿಷ ನಿಲ್ಲಿಸಿ. ಪರಿಚಯ ಅಲ್ಲಿಂದಲೇ ಶುರುವಾಗಲಿ.

ಬುತ್ತಿ, ನೀರು, ಟೋಪಿ, ಒಂದು ಜಾಕೆಟ್ ಇರಲಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಅದು ಹಾವಿನ ಭಯಕ್ಕಲ್ಲ, ಉಣುಗಿನ ಕಾರಣಕ್ಕೆ. ಮೇ ತಿಂಗಳಲ್ಲಿ ಇಲ್ಲಿನ ಹುಲ್ಲಿನಲ್ಲಿ ಉಣುಗು ತುಂಬಾ ಇರುತ್ತವೆ. ಮಂಗನ ಕಾಯಿಲೆ ನೋಡಿದ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಮ್ಯಾನಿಟೋಬಾದಲ್ಲಿ ಕಪ್ಪು ಕಾಲಿನ ಉಣುಗು ಲೈಮ್ ಕಾಯಿಲೆ ಹರಡುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕಾಲಡಿ ಏನಿದೆ ಎಂದು ತಿಳಿದು ನಡೆಯುವುದು

ಒಟ್ಟು ನಾಲ್ಕು ಗುಳಿಗಳಿವೆ. ಅವನ್ನು ಜೋಡಿಸುವ ಸುಮಾರು 3 ಕಿ.ಮೀ. ಉದ್ದದ ಕಾಲುದಾರಿ ಇದೆ. ಹೆಚ್ಚು ಏರಿಳಿತ ಇಲ್ಲ, ಹಿರಿಯರೂ ನಿಧಾನವಾಗಿ ನಡೆಯಬಹುದು. ಗುಳಿಯ ಸುತ್ತ ಕಟಕಟೆ ಇದೆ. ಅಲ್ಲಿ ನಿಂತು ಕೆಳಗೆ ನೋಡಬೇಕು.

ನಮ್ಮ ಮನಸ್ಸಿನಲ್ಲಿರುವ ಹುತ್ತದ ಚಿತ್ರ ಇಲ್ಲಿ ಹೊಂದುವುದಿಲ್ಲ. ಈ ಸೀಮೆಯಲ್ಲಿ ತೆಳು ಮಣ್ಣಿನ ಕೆಳಗೆ ಸುಣ್ಣದ ಕಲ್ಲಿನ ಹಾಸು ಇದೆ. ನೀರು ಇಳಿದು ಇಳಿದು ಕಲ್ಲು ಸವೆದಿದೆ. ಬಿರುಕು, ಪೊಟರೆ, ಗವಿಗಳಾಗಿವೆ. ಕೆಲವು ಕಡೆ ಮೇಲಿನ ನೆಲ ಕುಸಿದು ಗುಳಿಯಾಗಿದೆ. ಚಳಿಗಾಲದಲ್ಲಿ ಇಲ್ಲಿ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಕೆಲವೊಮ್ಮೆ 40ರ ತನಕ ಇಳಿಯುತ್ತದೆ. ನೆಲವೂ ಆಳದವರೆಗೆ ಹೆಪ್ಪುಗಟ್ಟುತ್ತದೆ. ಆದರೆ ಈ ಬಿರುಕುಗಳು ಹೆಪ್ಪು ತಲುಪದ ಆಳಕ್ಕೆ ಇಳಿಯುತ್ತವೆ. ಹಾವು ಬದುಕುವುದು ಆ ಆಳದಲ್ಲಿ. ವರ್ಷದಲ್ಲಿ ಹೆಚ್ಚುಕಡಿಮೆ ಎಂಟು ತಿಂಗಳು, ಏನೂ ತಿನ್ನದೆ.

ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿ. ಬೇಸಿಗೆಯಲ್ಲಿ ಈ ಹಾವುಗಳು ಜೌಗು ನೆಲಗಳಿಗೆ ಹರಡಿಹೋಗುತ್ತವೆ. ಕೆಲವು 15 ಕಿ.ಮೀ.ಗೂ ದೂರ ಹೋಗುತ್ತವೆ. ಕಪ್ಪೆ, ಎರೆಹುಳು ತಿಂದು ಮೈ ತುಂಬಿಕೊಳ್ಳುತ್ತವೆ. ಚಳಿ ಬರುವಾಗ ಅಷ್ಟೂ ದೂರ ಹಿಂದೆ ಬಂದು ಇದೇ ಕೆಲವು ಬಿರುಕುಗಳೊಳಗೆ ಇಳಿಯಬೇಕು. ಅಂದರೆ ನೀವು ನೋಡುತ್ತಿರುವುದು ಒಂದು ಗುಳಿಯ ಹಾವುಗಳನ್ನಲ್ಲ. ಅಗಲವಾದ ಒಂದು ಸೀಮೆಯ ಹಾವುಗಳನ್ನು. ಕಟಕಟೆ ಹಿಡಿದು ನಿಂತವರು ‘ಅಬ್ಬಾ, ಇಷ್ಟೊಂದಿವೆ, ಇವಕ್ಕೇನು ಬರ’ ಎನ್ನುವುದನ್ನು ಕೇಳಿದ್ದೇನೆ. ನಾನೂ ಹಾಗೇ ಅಂದುಕೊಂಡಿದ್ದೆ. ಲೆಕ್ಕ ತಿರುಗುಮುರುಗು. ಎಲ್ಲವೂ ಒಂದೇ ಕಡೆ ಸೇರುವುದರಿಂದಲೇ ಇವುಗಳಿಗೆ ಅಪಾಯ ಹೆಚ್ಚು. 1999ರಲ್ಲಿ ಹಾವುಗಳು ಗುಳಿ ಸೇರುವ ಮೊದಲೇ ಕಡು ಚಳಿ ಬಂತು. ಹತ್ತಾರು ಸಾವಿರ ಹಾವುಗಳು ಸತ್ತವು. ಅದಕ್ಕೂ ಮೊದಲು ಚೀಲ ತುಂಬಿಸಿಕೊಂಡು ಹೋಗಿ ಮಾರುವವರಿದ್ದರು. ಆ ವ್ಯಾಪಾರವನ್ನು ಪ್ರಾಂತ್ಯದ ಸರ್ಕಾರ 1991ರಲ್ಲಿ ನಿಲ್ಲಿಸಿತು.

ಇದನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೆಜ್ಜೆ ಇಡುವ ಮುನ್ನ ನೆಲ ನೋಡಿ. ದಾರಿ ಮೇಲೂ ಹಾವುಗಳು ಇರುತ್ತವೆ. ಮಕ್ಕಳು ಓಡದಂತೆ ಕೈ ಹಿಡಿದುಕೊಳ್ಳಿ. ಕಲ್ಲು ಎತ್ತಿ ನೋಡಬೇಡಿ. ಕಟಕಟೆ ದಾಟಬೇಡಿ. ಅಲ್ಲಿನ ಫಲಕದಲ್ಲಿ ಬರೆದಿದ್ದನ್ನು, ಸಿಬ್ಬಂದಿ ಹೇಳಿದ್ದನ್ನು ಪಾಲಿಸಿ.

ಗುಳಿಯ ಬಳಿ ನೋಡುವ ಬಗೆ

ಮೊದಲ ಗುಳಿ ನೋಡಿ, ಫೋಟೋ ತೆಗೆದು, ಎರಡನೆಯದಕ್ಕೆ ಓಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಒಂದೇ ಗುಳಿಯ ಬಳಿ ಅರ್ಧ ಗಂಟೆ ನಿಲ್ಲಿ. ಮೊದಲ ಐದು ನಿಮಿಷ ಬರೀ ಗೋಜಲು ಕಾಣುತ್ತದೆ. ಆಮೇಲೆ ಕಣ್ಣಿಗೆ ಒಂದೊಂದೇ ಬಿಡಿಸಿಕೊಳ್ಳುತ್ತದೆ.

ಮೊದಲು ಹೊರಬರುವುದು ಗಂಡುಗಳು. ಅವು ತೆಳ್ಳಗೆ, ಗಿಡ್ಡ. ಸಾವಿರಗಟ್ಟಲೆ ಬಂದು ಗುಳಿಯ ಸುತ್ತಲೇ ವಾರಗಟ್ಟಲೆ ಕಾಯುತ್ತವೆ. ಹೆಣ್ಣುಗಳು ದಪ್ಪ, ಉದ್ದ. ಅವು ಒಂದೊಂದಾಗಿ, ಅಷ್ಟಷ್ಟಾಗಿ ಬರುತ್ತವೆ. ಹೆಣ್ಣು ತಲೆ ಹೊರಗೆ ಹಾಕಿದ್ದೇ ತಡ, ಸುತ್ತಲಿನ ಗಂಡುಗಳು ಮುತ್ತಿಕೊಳ್ಳುತ್ತವೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ಅದಕ್ಕೂ ಎಷ್ಟೋ ಹೆಚ್ಚು. ಹಾವಿನ ಚೆಂಡೊಂದು ಕಲ್ಲಿನ ಮೇಲೆ ಉರುಳುವುದನ್ನು ನೋಡುತ್ತೀರಿ. ಅದರ ನಡುವೆ ಎಲ್ಲೋ ಒಂದು ದಪ್ಪ ತಲೆ ಕಂಡರೆ ಅದೇ ಹೆಣ್ಣು. ಹುಡುಕಲು ಮಕ್ಕಳಿಗೆ ಹೇಳಿ, ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ.

ನಮ್ಮ ಹೊಲದ ಬದಿಯಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ಎದ್ದು ನಿಂತರೆ ಮಿಲನ ಎಂದು ಜನ ಸೇರುತ್ತಾರೆ. ಅದು ಸಾಮಾನ್ಯವಾಗಿ ಎರಡು ಗಂಡುಗಳ ಕುಸ್ತಿ. ನಾರ್ಸಿಸ್‌ನಲ್ಲಿ ಕಾಣುವುದು ನಿಜವಾದ ಮಿಲನ. ಇಲ್ಲಿನ ಗಂಡುಗಳು ಪರಸ್ಪರ ಕಚ್ಚಿ ಕಾದಾಡುವುದಿಲ್ಲ. ತಳ್ಳಾಟ ಅಷ್ಟೇ.

ಗಂಡಿನ ನಾಲಿಗೆಯನ್ನು ಗಮನಿಸಿ. ಸತತವಾಗಿ ಹೊರಗೆ ಒಳಗೆ ಆಡುತ್ತಿರುತ್ತದೆ. ಹೆಣ್ಣಿನ ಬೆನ್ನ ಚರ್ಮದಲ್ಲಿ ಒಂದು ಬಗೆಯ ಕೊಬ್ಬಿನ ವಾಸನೆ ಇರುತ್ತದೆ. ಇದು ಹೆಣ್ಣು, ಇದು ನಮ್ಮದೇ ಜಾತಿ ಎಂದು ಗಂಡಿಗೆ ತಿಳಿಯುವುದು ಅದನ್ನು ನಾಲಿಗೆಯಲ್ಲಿ ಹಿಡಿದು. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ಮೇಸನ್ ಈ ವಾಸನೆಯ ಗುಟ್ಟು ಬಿಡಿಸಿದವರು. ದಶಕಗಳ ಕಾಲ ಮ್ಯಾನಿಟೋಬಾದ ಈ ಹಾವುಗಳನ್ನೇ ಅಧ್ಯಯನ ಮಾಡಿದ್ದಾರೆ. ಇನ್ನೊಂದು ಸೋಜಿಗ ಹೇಳಿಬಿಡುತ್ತೇನೆ. ಆಗಷ್ಟೇ ಹೊರಬಂದ ಗಂಡುಗಳು ಒಂದೆರಡು ದಿನ ಹೆಣ್ಣಿನ ವಾಸನೆಯನ್ನೇ ಬೀರುತ್ತವೆ! ಬೇರೆ ಗಂಡುಗಳು ಮೋಸಹೋಗಿ ಸುತ್ತಿಕೊಳ್ಳುತ್ತವೆ. ಇದರಿಂದ ತಣ್ಣಗಾದ ಮೈಗೆ ಬೇಗ ಬಿಸಿ ಸಿಗುತ್ತದೆ. ನಿಧಾನವಾಗಿ ತೆವಳುವ ಆ ಹೊತ್ತಿನಲ್ಲಿ ಸುತ್ತಲಿನ ಹಾವುಗಳೇ ರಕ್ಷಣೆ. ಕಾಗೆಗಳು ಹತ್ತಿರದ ಮರದಲ್ಲೇ ಕಾದು ಕುಳಿತಿರುತ್ತವೆ.

ಮಿಲನ ಮುಗಿಸಿದ ಹೆಣ್ಣು ಹೆಚ್ಚು ದಿನ ನಿಲ್ಲುವುದಿಲ್ಲ, ಜೌಗಿನ ಕಡೆ ಹೊರಟುಬಿಡುತ್ತದೆ. ಇವು ಮೊಟ್ಟೆ ಇಡುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ನೇರವಾಗಿ ಮರಿ ಹಾಕುತ್ತವೆ. ದಾರಿ ಬದಿಯಲ್ಲಿ ಒಂಟಿಯಾಗಿ, ಆತುರದಲ್ಲಿ ಹೋಗುತ್ತಿರುವ ದಪ್ಪ ಹಾವು ಕಂಡರೆ ಅದಕ್ಕೆ ದಾರಿ ಬಿಡಿ.

ಫೋಟೋ ಬೇಕಾದವರು ನಿಂತಲ್ಲಿಂದ ಕೆಳಮುಖವಾಗಿ ತೆಗೆದರೆ ಹಗ್ಗದ ರಾಶಿಯಂತೆ ಕಾಣುತ್ತದೆ. ಮಂಡಿಯೂರಿ, ಹಾವಿನ ಕಣ್ಣಿನ ಎತ್ತರಕ್ಕೆ ಕ್ಯಾಮೆರಾ ತನ್ನಿ. ನಿಮ್ಮ ನೆರಳು ಅವುಗಳ ಮೇಲೆ ಬೀಳದಿರಲಿ.

ಕೈಗೆ ಎತ್ತಿಕೊಳ್ಳಬಹುದಾ?

ಎಲ್ಲರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಬೇಡ. ಇವು ಮನುಷ್ಯರಿಗೆ ಅಪಾಯ ಮಾಡುವ ಹಾವುಗಳಲ್ಲ, ನಿಜ. ನಮ್ಮ ಗದ್ದೆಯ ನೀರೊಳ್ಳೆ ಹಾವಿನ ದೂರದ ನೆಂಟರು. ಕಚ್ಚಿದರೂ ಸಣ್ಣ ತರಚು ಗಾಯ ಅಷ್ಟೇ. ಆದರೆ ಹೆದರಿದಾಗ ಬಾಲದ ಬುಡದಿಂದ ಕೆಟ್ಟ ವಾಸನೆಯ ದ್ರವ ಬಿಡುತ್ತವೆ. ಸೋಪು ಹಾಕಿ ತೊಳೆದರೂ ವಾಸನೆ ಬೇಗ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಹಾವಿನ ಕಡೆಯಿಂದ ನೋಡಿದಾಗ ತಿಳಿಯುತ್ತದೆ. ಅದು ತಿಂಗಳುಗಟ್ಟಲೆ ಉಪವಾಸ ಇದ್ದು ಬಂದಿದೆ. ಮೈಯಲ್ಲಿ ಉಳಿದಿರುವ ಶಕ್ತಿಯಲ್ಲಿ ಮಿಲನ ಆಗಬೇಕು, ಜೌಗಿನ ತನಕ ಹೋಗಬೇಕು. ನಮ್ಮ ಕೈಯಲ್ಲಿ ಸೊಳ್ಳೆ ಔಷಧಿ, ಸನ್‌ಸ್ಕ್ರೀನ್ ಇರುತ್ತದೆ. ಅದು ಅವುಗಳ ಮೈಗೆ ಹತ್ತಬಾರದು.

ಊರಿಗೆ ಬಂದು ಹೋಗುವ ಮಕ್ಕಳಿಗೆ ಇನ್ನೊಂದು ಮಾತನ್ನು ಬಿಡಿಸಿ ಹೇಳಿ. ಇಲ್ಲಿನ ಸಲಿಗೆ ಕರ್ನಾಟಕದ ಅಜ್ಜಿ ಮನೆಯ ಹಿತ್ತಲಿನಲ್ಲಿ ನಡೆಯುವುದಿಲ್ಲ. ಅಲ್ಲಿ ನಾಗರ ಇದೆ, ಕಟ್ಟು ಹಾವು ಇದೆ, ಕೊಳಕುಮಂಡಲ ಇದೆ, ಗರಗಸ ಮಂಡಲ ಇದೆ. ನಾರ್ಸಿಸ್‌ನಲ್ಲಿ ಹೆದರಿಕೆ ಬಿಟ್ಟ ಮಗು ಆ ಹಿತ್ತಲಿನಲ್ಲಿ ಕೈ ಚಾಚಿದರೆ ಜೀವಕ್ಕೇ ಕುತ್ತು. ದೂರ ನಿಂತು ನೋಡುವ ಅಭ್ಯಾಸವನ್ನೇ ಎರಡೂ ಕಡೆ ಕಲಿಸಿದರೆ ಗೊಂದಲವೇ ಇಲ್ಲ.

ಮೇ ತಪ್ಪಿದರೆ

ಸೆಪ್ಟೆಂಬರ್‌ನಲ್ಲಿ ಹೋಗಿ. ಜೌಗಿನಿಂದ ಹಾವುಗಳು ಮರಳುತ್ತವೆ. ಚಳಿ ಬಲಿಯುವ ತನಕ ಗುಳಿಯ ಸುತ್ತ ಬಿಸಿಲು ಕಾಯಿಸುತ್ತವೆ. ವಸಂತದ ನೂಕುನುಗ್ಗಲು ಇರುವುದಿಲ್ಲ. ಜನರೂ ಕಡಿಮೆ. ತಿಂದುಂಡು ಬಂದಿರುವುದರಿಂದ ಹಾವುಗಳ ಮೈ ತುಂಬಿರುತ್ತದೆ. ಗದ್ದಲ ಇಷ್ಟವಾಗದ ಹಿರಿಯರಿಗೆ ನನಗೆ ಕೇಳಿದರೆ ಇದೇ ವಾಸಿ.

ಹೊರಡುವಾಗ

ಕಾರು ಹತ್ತುವ ಮೊದಲು ಪ್ಯಾಂಟು, ಕುತ್ತಿಗೆ, ಮಕ್ಕಳ ಕಿವಿಯ ಹಿಂದೆ ಉಣುಗು ಇದೆಯೇ ನೋಡಿ. ಆಮೇಲೆ ಬಗ್ಗಿ ನಾಲ್ಕೂ ಚಕ್ರದ ಕೆಳಗೆ ನೋಡಿ. ಬಿಸಿಯಾದ ನೆಲ ಹಾವಿಗೆ ಇಷ್ಟ.

17ನೇ ಹೆದ್ದಾರಿಗೆ ಬಂದಾಗ ರಸ್ತೆ ಬದಿಯ ಗಿಡ್ಡ ಬೇಲಿಯನ್ನು ಮಕ್ಕಳಿಗೆ ತೋರಿಸಿ. ಜೌಗಿಗೆ ಹೋಗಲು, ಹಿಂದೆ ಬರಲು ಹಾವುಗಳು ಈ ರಸ್ತೆ ದಾಟಬೇಕು. ಒಂದು ಕಾಲಕ್ಕೆ ವರ್ಷಕ್ಕೆ 10,000ದಷ್ಟು ಹಾವುಗಳು ಇಲ್ಲಿ ಚಕ್ರಕ್ಕೆ ಸಿಕ್ಕು ಸಾಯುತ್ತಿದ್ದವು ಎಂದು ಅಂದಾಜು. ಆಮೇಲೆ ರಸ್ತೆಯಡಿ ಸಣ್ಣ ಕೊಳವೆ ದಾರಿಗಳನ್ನು ಮಾಡಿದರು. ಬೇಲಿಗೆ ತಾಗಿದ ಹಾವು ಅದರ ಗುಂಟ ತೆವಳಿ ಕೊಳವೆ ಹೊಕ್ಕು ಆಚೆ ಬರುತ್ತದೆ. ಸಾವು ತುಂಬಾ ಕಡಿಮೆಯಾಗಿದೆ. ಆದರೂ ಬೇಲಿ ತಪ್ಪಿಸಿ ಮೇಲೆ ಬರುವ ಹಾವುಗಳಿವೆ. ಅದಕ್ಕೇ ಮೊದಲ ಕೆಲವು ಕಿ.ಮೀ. ನಿಧಾನವಾಗಿ ಓಡಿಸಿ. ಡಾಂಬರಿನ ಮೇಲೆ ಹಳದಿ ಗೆರೆಯ ಕಪ್ಪು ಪಟ್ಟಿ ಕಂಡರೆ, ಹಿಂದೆ ಗಾಡಿ ಇಲ್ಲವೆಂದು ನೋಡಿಕೊಂಡು ನಿಲ್ಲಿಸಿ, ಅದು ದಾಟಿ ಹುಲ್ಲು ಸೇರುವ ತನಕ ಕಾಯಿರಿ.