ಕಾಫಿ ಕೊಯ್ಲಿಗೆ ಸಂಸಾರ ಕಟ್ಟಿಕೊಂಡು ಹೊರಡುವವರಿಗೆ

ನಾನು ಕುಷ್ಟಗಿ ಸೀಮೆಯವನು. ಎರಡು ಎಕರೆ ಮಳೆ ನಂಬಿದ ಹೊಲವಿದೆ. ಸಜ್ಜೆ, ಹೆಸರು ಬೆಳೆಯುತ್ತೇವೆ. ದೀಪಾವಳಿ ಕಳೆಯುವ ಹೊತ್ತಿಗೆ ಹೊಲದಲ್ಲಿ ಕೆಲಸ ತೀರಿರುತ್ತದೆ, ಕೈಯಲ್ಲಿ ದುಡ್ಡೂ ತೀರಿರುತ್ತದೆ. ಹದಿನಾಲ್ಕು ವರ್ಷಗಳಿಂದ ಆ ಹೊತ್ತಿಗೆ ಸರಿಯಾಗಿ ಮೂಡಿಗೆರೆ ಕಡೆಯ ಕಾಫಿ ತೋಟಗಳಿಗೆ ಹೋಗುತ್ತಿದ್ದೇವೆ. ಈ ಸಲ ಅಕ್ಕನ ಮಗ ಮದುವೆಯಾದ ಹೊಸದರಲ್ಲೇ ಹೆಂಡತಿಯೊಂದಿಗೆ ಹೊರಟಿದ್ದಾನೆ. ‘ಮಾಮಾ, ಹಣ್ಣು ಕೊಯ್ಯುವುದು ಕಷ್ಟವೇ?’ ಎಂದು ಕೇಳಿದ. ಕೊಯ್ಲು ಎಂಟು ದಿನದಲ್ಲಿ ಕೈಗೆ ಹತ್ತುತ್ತದೆ. ನನಗೆ ತಡವಾಗಿ ಹತ್ತಿದ್ದು ಲೆಕ್ಕ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮುಂಗಡ. ನಾಗರ ಪಂಚಮಿಯ ಹೊತ್ತಿಗೆ, ಮನೆಯಲ್ಲಿ ಹಬ್ಬಕ್ಕೆ ಬೆಲ್ಲವಿಲ್ಲದಾಗ, ತೋಟಕ್ಕೆ ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ನೋಟಿನ ಕಟ್ಟು ಹಿಡಿದು ಬಾಗಿಲಿಗೆ ಬರುತ್ತಾನೆ. ಗಂಡಹೆಂಡಿರು ಸೇರಿ ಒಂದು ತಿಂಗಳಲ್ಲಿ ದುಡಿದು ತೀರಿಸುವಷ್ಟಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ. ತೆಗೆದುಕೊಂಡದ್ದನ್ನು ಅಂದೇ ಬರೆದಿಡಿ: ತಾರೀಖು, ಮೊತ್ತ, ಎದುರಿಗಿದ್ದವರ ಹೆಸರು. ಮುಂಗಡ ತೀರಿಲ್ಲವೆಂದು ಯಾರಾದರೂ ನಿಮ್ಮನ್ನು ತೋಟದಲ್ಲೇ ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆಯ ಪ್ರಕಾರ ಅಪರಾಧ. ಆಧಾರ್ ಕಾರ್ಡನ್ನು ತೋರಿಸಿ, ಜೆರಾಕ್ಸ್ ಕೊಡಿ, ಮೂಲಪ್ರತಿಯನ್ನು ಯಾರ ಕೈಗೂ ಕೊಟ್ಟುಬಿಡಬೇಡಿ.

ಹೋಗುವ ದಾರಿಯಲ್ಲೂ ದುಡ್ಡು ಸೋರುತ್ತದೆ. ಮೇಸ್ತ್ರಿಯ ಗಾಡಿಯಲ್ಲಿ ಹೋದರೆ ತಲೆಗಿಷ್ಟೆಂದು ಬಾಡಿಗೆಯನ್ನು ಕೂಲಿಯಲ್ಲೇ ಮುರಿದುಕೊಳ್ಳುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮಲ್ಲಿ ನನ್ನೊಬ್ಬನದೇ ಟಿಕೆಟ್. ಎರಡು ಮೂರು ಬಸ್ ಬದಲಿಸಬೇಕು, ಮೂಟೆ ಹತ್ತಿಸುವಾಗ ಕಂಡಕ್ಟರ್ ಗೊಣಗುತ್ತಾನೆ. ಗೊಣಗಲಿ.

ಮೂಟೆಯಲ್ಲಿ ಏನಿರಬೇಕು? ಜೋಳದ ಹಿಟ್ಟು ಇರಲೇಬೇಕು. ಆ ಕಡೆ ಎಲ್ಲೆಲ್ಲೂ ಅಕ್ಕಿ. ಹದಿನೈದು ದಿನಕ್ಕಾಗುವಷ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಪಡಿತರ ಚೀಟಿಯ ಅಕ್ಕಿಯನ್ನು ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು, ಬಿಡಬೇಡಿ. ಎರಡು ಕಂಬಳಿ. ಡಿಸೆಂಬರ್ ಬೆಳಗಿನ ಚಳಿ ನಮ್ಮ ಬಯಲುಸೀಮೆಯ ಚಳಿಯಂತಲ್ಲ. ತೋಟದಲ್ಲಿ ಆಳುಗಳಿಗೆ ಕೊಡುವ ಲೈನ್ ಮನೆಯ ಸಿಮೆಂಟ್ ನೆಲ ರಾತ್ರಿಯಿಡೀ ಬೆನ್ನನ್ನು ಕಚ್ಚುತ್ತದೆ. ತುಂಬುತೋಳಿನ ಹಳೆಯ ಅಂಗಿ ತಲೆಗೆರಡು. ಬಸುರಿಯರಿದ್ದರೆ ತಾಯಿ ಕಾರ್ಡ್.

ಇನ್ನು ಕೊಯ್ಲು. ಕಾಫಿಯಲ್ಲಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಅರೇಬಿಕಾ ಮೊದಲು, ಸುಮಾರು ನವೆಂಬರ್‌ನಿಂದ ಜನವರಿ. ಅದರಲ್ಲಿ ಕೆಂಪು ಹಣ್ಣನ್ನು ಮಾತ್ರ ಆರಿಸಬೇಕು. ಎರಡು ಬೆರಳ ನಡುವೆ ಹಿಸುಕಿ ನೋಡಿ, ಬೀಜ ಪುಳಕ್ಕನೆ ಹೊರಗೆ ಜಿಗಿದರೆ ಹಣ್ಣಾಗಿದೆ. ಎಡಗೈ ರೆಂಬೆಯನ್ನು ಬಗ್ಗಿಸಿ ಹಿಡಿದಿರಲಿ, ಬಲಗೈಯ ಹೆಬ್ಬೆರಳು ಹಣ್ಣನ್ನು ಸ್ವಲ್ಪ ತಿರುಚಲಿ. ಜಗ್ಗಿದರೆ ರೆಂಬೆಯೇ ಸಿಗಿಯುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ಬೈಯುತ್ತಾನೆ. ಆ ಬೈಗುಳ ನ್ಯಾಯವಾದದ್ದೇ. ರೊಬಸ್ಟಾ ಜನವರಿಯ ನಂತರ. ಅದಕ್ಕೆ ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ಗೊಂಚಲನ್ನು ಸೆಳೆದು ಉದುರಿಸುತ್ತಾರೆ. ತೂಕ ಬೇಗ ಏರುತ್ತದೆ, ಚಗಳಿ ಇರುವೆಯೂ ಬೇಗ ಏರುತ್ತದೆ. ಎಲೆ ಹೊಲಿದು ಕಟ್ಟಿದ ಗೂಡು ಕಂಡರೆ ಮೊದಲೇ ಪಕ್ಕದವರಿಗೆ ಕೂಗಿ ಹೇಳಿ. ಮಲೆನಾಡಿನವರು ಅದರ ಚಟ್ನಿ ಮಾಡಿ ಚಪ್ಪರಿಸುತ್ತಾರೆ. ನನ್ನ ಹೆಂಡತಿ ಒಮ್ಮೆ ನಾಲಿಗೆಗೆ ಹಚ್ಚಿಕೊಂಡು, ‘ಹುಣಸೆಹಣ್ಣೇ ವಾಸಿ’ ಎಂದಳು. ನೆಲಕ್ಕೆ ಬಿದ್ದ ಹಣ್ಣನ್ನೂ ಆರಿಸಿ ಕೊಡಬೇಕು. ಬಿಟ್ಟರೆ ಅದರಲ್ಲಿ ಕಾಯಿಕೊರಕ ಹುಳು ಬೆಳೆಯುತ್ತದೆ. ಆದರೆ ಆರಿಸುವ ಕೆಲಸ ನಿಧಾನ, ಆದ್ದರಿಂದ ಅದಕ್ಕೆ ಕಿಲೋ ಲೆಕ್ಕ ಒಪ್ಪಬೇಡಿ, ದಿನಗೂಲಿ ಕೇಳಿ.

ತೂಕದ ಹೊತ್ತು ಸಂಜೆ. ಬೆನ್ನು ಸೋತಿರುತ್ತದೆ, ಒಲೆ ಹಚ್ಚುವ ಆತುರವಿರುತ್ತದೆ. ಮೋಸ ನಡೆಯುವುದೂ ಆಗಲೇ. ಐದು ವರ್ಷದ ಹಿಂದೆ ಒಂದು ತೋಟದಲ್ಲಿ ಪ್ರತಿ ಚೀಲಕ್ಕೆ ಮೂರು ಕಿಲೋ ಕಳೆಯುತ್ತಿದ್ದರು. ‘ಚೀಲದ ತೂಕ, ಎಲೆ, ಕಸ’ ಎನ್ನುತ್ತಿದ್ದರು, ನಾವೂ ತಲೆಯಾಡಿಸುತ್ತಿದ್ದೆವು. ಆಗ ಐದನೇ ತರಗತಿಯಲ್ಲಿದ್ದ ನನ್ನ ದೊಡ್ಡ ಮಗಳು ನನ್ನ ಪಕ್ಕದಲ್ಲಿ ನಿಂತು ನೋಡಿದಳು. ‘ಅಪ್ಪಾ, ಖಾಲಿ ಚೀಲ ಮೂರು ಕಿಲೋ ಇರುತ್ತದೆಯೇ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ನಾನು ಖಾಲಿ ಗೋಣಿಚೀಲವನ್ನು ಮಡಚಿ ತಕ್ಕಡಿಯ ಮೇಲಿಟ್ಟೆ. ಒಂದು ಕಿಲೋ ಕೂಡ ತೂಗಲಿಲ್ಲ. ರೈಟರ್ ಏನೂ ಮಾತಾಡಲಿಲ್ಲ, ಮರುದಿನದಿಂದ ಒಂದೇ ಕಿಲೋ ಕಳೆದ. ಆ ರಾತ್ರಿ ಅವಳೇ ನೋಟ್‌ಬುಕ್ಕಿನಲ್ಲಿ ಗುಣಿಸಿದಳು: ಚೀಲಕ್ಕೆ ಎರಡು ಕಿಲೋದಂತೆ ದಿನಕ್ಕೆ ನಾಲ್ಕು ಚೀಲ, ಅರವತ್ತು ದಿನ, 480 ಕಿಲೋ. ಆಗಿನ ದರ ಕಿಲೋಗೆ 4 ರೂಪಾಯಿ; ಅಂದರೆ 1,920 ರೂಪಾಯಿ. ಹಿಂದಿನ ವರ್ಷಗಳದ್ದನ್ನು ಲೆಕ್ಕ ಹಾಕಬೇಡ ಎಂದು ನಾನೇ ತಡೆದೆ.

ಆದ್ದರಿಂದ ಜೇಬಿನಲ್ಲಿ ಸಣ್ಣ ಪುಸ್ತಕವಿರಲಿ. ತಕ್ಕಡಿಯ ಮುಂದೆ ನಿಂತೇ ಬರೆಯಿರಿ: ಚೀಲವೆಷ್ಟು, ತೂಕವೆಷ್ಟು, ಕಳೆದದ್ದೆಷ್ಟು. ಸಂತೆಯ ದಿನ ಕೊಡುವ ಖರ್ಚಿನ ದುಡ್ಡನ್ನೂ ಬರೆಯಿರಿ. ವಾರಕ್ಕೊಮ್ಮೆ ರೈಟರಿನ ಪುಸ್ತಕದೊಂದಿಗೆ ತಾಳೆ ನೋಡಿ. ಕೊನೆಯ ದಿನ ಬಸ್ಸಿನ ಹೊತ್ತಿಗೆ ಜಗಳಕ್ಕೆ ನಿಂತರೆ ಬಸ್ಸೂ ತಪ್ಪುತ್ತದೆ, ದುಡ್ಡೂ ತಪ್ಪುತ್ತದೆ. ಎರಡು ದಿನ ಮೊದಲೇ ಲೆಕ್ಕ ಮುಗಿಸಿ. ಹಣವನ್ನು ಹೆಂಡತಿಯ ಖಾತೆಗೆ ಹಾಕಿಸಿ. ನನ್ನ ಖಾತೆಯ ದುಡ್ಡಿಗೆ ದಾರಿಯಲ್ಲಿ ಗೆಳೆಯರು ಹೆಚ್ಚು.

ಮುಂಜಾನೆ ಮಂಜಿನಲ್ಲಿ ಒಬ್ಬರೇ ತೋಟದೊಳಕ್ಕೆ ಹೋಗಬೇಡಿ, ಆನೆಯ ಸುದ್ದಿಯನ್ನು ಸ್ಥಳೀಯರಿಂದ ಕೇಳಿಕೊಂಡು ಹೊರಡಿ.

ಮಕ್ಕಳ ಮಾತು. ಎಳೆಯ ಮಕ್ಕಳನ್ನು ಗಿಡದ ನೆರಳಲ್ಲಿ ಮಲಗಿಸಬೇಡಿ, ಹತ್ತಿರದ ಅಂಗನವಾಡಿ ಎಲ್ಲಿದೆ ಎಂದು ಮೊದಲ ದಿನವೇ ವಿಚಾರಿಸಿ. ಶಾಲೆಗೆ ಹೋಗುವವರಿದ್ದರೆ ಊರಿನ ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಳ್ಳಿ. ವರ್ಗಾವಣೆ ಪತ್ರ ತಂದಿಲ್ಲವೆಂದು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಹಾಗೆಂದು ಇದೆ. ಚಿಕ್ಕವಳು ಎರಡು ವರ್ಷದಿಂದ ಅಲ್ಲಿನ ಶಾಲೆಗೆ ಹೋಗುತ್ತಾಳೆ. ಈಗ ‘ಹೌದು ಮಾರಾಯ್ರೆ’ ಎನ್ನುತ್ತಾಳೆ, ಊರಿಗೆ ಬಂದಾಗ ಅಜ್ಜಿಗೆ ನಗೆ.

ದೊಡ್ಡವಳು ಎಂಟನೇ ತರಗತಿಯಿಂದ ಅಜ್ಜಿಯ ಬಳಿಯೇ ಇದ್ದಾಳೆ. ಕಳೆದ ಎಳ್ಳ ಅಮಾವಾಸ್ಯೆಯ ದಿನ ಅವಳಿಗೆ ಫೋನ್ ಮಾಡಲು ಕಣದ ಆಚೆಯ ತಿರುವಿನವರೆಗೆ ನಡೆದೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹೊಲಕ್ಕೆ ಚರಗ, ಅಂದರೆ ಭೂತಾಯಿಗೆ ಎಡೆ, ಚೆಲ್ಲಲು ಯಾರು ಹೋದರು ಎಂದು ಕೇಳಿದೆ. ‘ನಾನೇ ಹೋಗಿದ್ದೆ’ ಎಂದಳು. ಈ ವರ್ಷ ಅವಳು ಹತ್ತನೇ ತರಗತಿ. ರೊಬಸ್ಟಾದಲ್ಲಿ ತೂಕ ಹೆಚ್ಚು, ದುಡ್ಡೂ ಹೆಚ್ಚು, ಆದರೂ ಅರೇಬಿಕಾ ಮುಗಿದ ಕೂಡಲೇ ಹಿಂದಿರುಗುತ್ತೇವೆ. ಜನವರಿ 25ಕ್ಕೆ ಬಸ್ ಹತ್ತುತ್ತೇವೆ ಎಂದು ರೈಟರಿಗೆ ಈಗಲೇ ಹೇಳಿಟ್ಟಿದ್ದೇನೆ. ಮುಂಗಡವನ್ನೂ ಅಷ್ಟಕ್ಕೆ ತಕ್ಕಂತೆ, ಅರ್ಧವೇ ತೆಗೆದುಕೊಂಡಿದ್ದೇನೆ.